ಇಂಗ್ಲಿಷ್ ಬಾರದ ಅಮ್ಮನೂ ತೀರ್ಪುಗಾರಳೇ
(ಕಮ್ಮರಡಿಯಲ್ಲಿ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ವಾರ್ಷಿಕೋತ್ಸವಕ್ಕೆ ಮಕ್ಕಳ ಇಂಗ್ಲಿಷ್ ಪ್ರತಿಭಾ ಸ್ಪರ್ಧೆ ಇಡೋಣ ಎಂದು ನೀವೇ ತೀರ್ಮಾನ ಮಾಡಿದ್ದೀರಿ. ಬಹಳ ಸಂತೋಷ. ಆದರೆ ತೀರ್ಪುಗಾರರಾಗಿ ಬನ್ನಿ ಎಂದರೆ ಮಾತ್ರ, "ಅಯ್ಯೋ ಸಿಸ್ಟರ್, ನಮಗೆಲ್ಲಿ ಇಂಗ್ಲಿಷ್ ಬರುತ್ತೆ?" ಅಂತ ಹಿಂದೆ ಸರಿಯುತ್ತೀರಿ. ಇವತ್ತು ಅದರ ಬಗ್ಗೆಯೇ ನಾಲ್ಕು ಮಾತು ಆಡೋಣ.

ನಮ್ಮಲ್ಲಿ ಸರ್ಕಾರಿ ಶಾಲೆಗೆ ಹೋದ ಬಹಳ ಮಂದಿ ಎಬಿಸಿಡಿ ಕಲಿತದ್ದೇ ಐದನೇ ತರಗತಿಯಲ್ಲಿ. 2007-08ರಿಂದ ಆ ಶಾಲೆಗಳಲ್ಲೂ ಒಂದನೇ ತರಗತಿಗೇ ಇಂಗ್ಲಿಷ್ ಬಂತು. ಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿಯಲ್ಲಿ ಇಂಗ್ಲಿಷ್ ಕಂಠಪಾಠವೂ ಒಂದು ಸ್ಪರ್ಧೆ. ಕ್ಲಸ್ಟರಿನಲ್ಲಿ ಗೆದ್ದ ಮಗು ಮುಂದಿನ ಹಂತಕ್ಕೂ ಹೋಗಬಹುದು. ಆದರೆ ಮೊದಲ ವೇದಿಕೆಯಲ್ಲೇ ನಗೆಪಾಟಲಾದ ಮಗು ಮತ್ತೆ ಮೈಕಿನ ಹತ್ತಿರ ಬರುವುದು ಕಷ್ಟ. ಆದ್ದರಿಂದ ನಮ್ಮ ಚಿಕ್ಕ ವೇದಿಕೆಯ ತೀರ್ಪು ಚಿಕ್ಕದಲ್ಲ.

ಸಾಲ ಕೊಡುವಾಗ ನಿಯಮವನ್ನು ಎಲ್ಲರ ಮುಂದೆ ಓದುತ್ತೇವಲ್ಲ, ಅಂಕದ ನಿಯಮವನ್ನೂ ಹಾಗೆಯೇ ಮೊದಲೇ ಓದಿ ಹೇಳೋಣ. ಒಟ್ಟು 50 ಅಂಕ ಇಡೋಣ: ಉಚ್ಚಾರಣೆಗೆ 10, ಎಲ್ಲರಿಗೂ ಕೇಳುವ ದನಿಗೆ 10, ಭಾವಕ್ಕೆ 10, ಧೈರ್ಯಕ್ಕೆ 10, ಅರ್ಥ ತಿಳಿದಿರುವುದಕ್ಕೆ 10. ಉಚ್ಚಾರಣೆಯನ್ನು ಶಾಲೆಯ ಟೀಚರ್ ನೋಡಲಿ. ಉಳಿದ 40 ಅಂಕ ಹಾಕಲು ನಿಮ್ಮ ಕಣ್ಣು, ಕಿವಿ ಸಾಕು. ಅರ್ಥ ಗೊತ್ತಾಗುವುದು ಹೇಗೆ? ಪದ್ಯ ಮುಗಿದ ಮೇಲೆ, "ಪುಟ್ಟಾ, ಈಗ ಏನು ಹೇಳಿದೆ, ಕನ್ನಡದಲ್ಲಿ ಹೇಳು ನೋಡೋಣ" ಎಂದು ಕೇಳಿ. ಬರೀ ಬಾಯಿಪಾಠ ಮಾಡಿದ ಮಗು ಯಾವುದು, ತಿಳಿದು ಹೇಳಿದ ಮಗು ಯಾವುದು, ಅಲ್ಲೇ ತಿಳಿಯುತ್ತದೆ.

ಬಾಡಿಗೆ ಡ್ರೆಸ್ಸಿಗೆ ಅಂಕವೇ ಬೇಡ. ಅಂಕ ಇದ್ದರೆ ಕೂಲಿಗೆ ಹೋಗುವ ತಾಯಿಯೂ ಅದಕ್ಕಾಗಿ ಕೈಸಾಲ ಮಾಡುತ್ತಾಳೆ. ಟುಸ್ ಪುಸ್ ಎಂದು ವೇಗವಾಗಿ ಮಾತಾಡಿದರೆ ಅದೇ ಒಳ್ಳೆಯ ಇಂಗ್ಲಿಷ್ ಅಂತಲೂ ತಿಳಿಯಬೇಡಿ. ಮನೆಯಲ್ಲಿ ತುಳು, ಕೊಂಕಣಿ, ಕನ್ನಡ ಆಡುವ ಮಗುವಿನ ಇಂಗ್ಲಿಷಿನಲ್ಲಿ ಆ ಧಾಟಿ ಇದ್ದೇ ಇರುತ್ತದೆ. ಅದು ತಪ್ಪಲ್ಲ. ಮಾತು ಸ್ಪಷ್ಟವಾಗಿದ್ದರೆ ಸಾಕು.

ಮಧ್ಯದಲ್ಲಿ ಮಗು ಮರೆತು ನಿಂತರೆ ಗಂಟೆ ಬಾರಿಸಬೇಡಿ. ಸ್ವಲ್ಪ ಕಾಯಿರಿ, ಮೊದಲಿನಿಂದ ಹೇಳಲು ಬಿಡಿ. ಸಭೆಯಲ್ಲಿ ಯಾರಾದರೂ ನಕ್ಕರೆ ತಡೆಯುವುದೂ ತೀರ್ಪುಗಾರರ ಕೆಲಸವೇ. ಇನ್ನೊಂದು ಮಾತು: ಹೆತ್ತವರಿಗೆ ಹೆಗ್ಗಣ ಮುದ್ದು! ನಿಮ್ಮ ಮಗು, ತಂಗಿಯ ಮಗು ವೇದಿಕೆಗೆ ಬಂದಾಗ ಅಂಕದ ಹಾಳೆಯನ್ನು ಬೇರೆ ಸದಸ್ಯೆಗೆ ಕೊಡಿ.

ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರೂ ಮೊದಮೊದಲು ಇಂಗ್ಲಿಷಿನಲ್ಲೇ ಪದ್ಯ ಬರೆದವರು. 1922ರಲ್ಲಿ 'ಬಿಗಿನರ್ಸ್ ಮ್ಯೂಸ್' ಎಂಬ ಪುಸ್ತಕವೂ ಬಂತು. ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಅವರ ಇಂಗ್ಲಿಷ್ ಪದ್ಯಗಳನ್ನು ನೋಡಿ, ನಿಮ್ಮ ಭಾಷೆಯಲ್ಲೇ ಬರೆಯಿರಿ ಎಂದು ಸಲಹೆ ಕೊಟ್ಟರು. ಅದೇ ಕುವೆಂಪು ಮುಂದೆ ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದರು. ಒಳ್ಳೆಯ ತೀರ್ಪುಗಾರ ಬಾಗಿಲು ಮುಚ್ಚುವುದಿಲ್ಲ, ಇನ್ನೊಂದು ಬಾಗಿಲು ತೋರಿಸುತ್ತಾನೆ. ಇಂಗ್ಲಿಷಿನಲ್ಲಿ ತಡವರಿಸಿದ ಮಗು ಕನ್ನಡದ ಕಥೆಯಲ್ಲಿ, ಯಕ್ಷಗಾನದಲ್ಲಿ ಮಿಂಚಬಹುದು.

ಕೊನೆಯದಾಗಿ, ಬಹುಮಾನ ಮೂವರಿಗೆ ಇರಲಿ, ಮಾತು ಎಲ್ಲರಿಗೂ ಇರಲಿ. ಪ್ರತಿ ಮಗುವನ್ನೂ ಹತ್ತಿರ ಕರೆದು, ಚೆನ್ನಾಗಿದ್ದದ್ದು ಒಂದು, ತಿದ್ದಿಕೊಳ್ಳಬೇಕಾದ್ದು ಒಂದು ಹೇಳಿ ಕಳಿಸಿ. ಮುಂದಿನ ವಾರದ ಸಭೆಯಲ್ಲಿ ಪ್ರತಿ ಸಂಘದಿಂದ ಒಬ್ಬ ತೀರ್ಪುಗಾರ್ತಿಯ ಹೆಸರು ಬರೆದುಕೊಡಿ.