ಹಟ್ಟಿಗೊಂದು ಓಣಿ, ಊರಿಗೊಂದು ಗಾಡಿ
(ಉಪನ್ಯಾಸದ ಲಿಖಿತ ರೂಪ)



ಕಲ್ಲಡ್ಕದಿಂದ ವಿಟ್ಲದತ್ತಲೂ ಮಾಣಿಯತ್ತಲೂ ಹರಡಿರುವ ಗುಡ್ಡಗಳ ಮಗ್ಗುಲಲ್ಲಿ ಅಡಿಕೆ ತೋಟವೂ ಹಟ್ಟಿಯೂ ಒಂದನ್ನೊಂದು ಸಾಕಿಕೊಂಡು ಬಂದಿವೆ. ಗುಡ್ಡದ ಸೊಪ್ಪು ಹಟ್ಟಿಗೆ, ಹಟ್ಟಿಯ ಗೊಬ್ಬರ ತೋಟಕ್ಕೆ ಎಂಬುದು ಇಲ್ಲಿನ ಕೃಷಿಯ ಕ್ರಮ. ಆ ಹಟ್ಟಿಗಳು ಇಂದು ಒಂದೊಂದಾಗಿ ಬರಿದಾಗುತ್ತಿರುವುದಕ್ಕೆ ಹಿಂಡಿಯ ಬೆಲೆಯನ್ನೂ ಹಾಲಿನ ದರವನ್ನೂ ಕಾರಣವಾಗಿ ಹೇಳುವುದು ವಾಡಿಕೆ. ಅದು ಸುಳ್ಳಲ್ಲ. ಆದರೆ ಅಷ್ಟೇ ದೊಡ್ಡದಾದ ಇನ್ನೊಂದು ಕಾರಣವಿದೆ: ಹಸುವನ್ನು ಹಿಡಿಯಲು ಮನೆಯಲ್ಲಿ ಜನವಿಲ್ಲ. ಮಕ್ಕಳು ಬೆಂಗಳೂರಿನಲ್ಲಿ, ಎಪ್ಪತ್ತು ದಾಟಿದ ದಂಪತಿ ಹಟ್ಟಿಯಲ್ಲಿ. ಚುಚ್ಚುಮದ್ದಿನ ದಿನ ಹಸು ಒಮ್ಮೆ ಕೊಸರಿ ಮುದುಕರನ್ನು ಕೆಡವಿತೆಂದರೆ ಆ ಮನೆಯಲ್ಲಿ ಗೋಸಾಕಣೆ ಅಲ್ಲಿಗೆ ಮುಗಿಯಿತು.

ಈ ಸೀಮೆಯ ತಳಿಯಾದ ಮಲೆನಾಡು ಗಿಡ್ಡ 2012ರಲ್ಲಿ ರಾಷ್ಟ್ರೀಯ ಮಟ್ಟದಲ್ಲಿ ನೋಂದಣಿಯಾಯಿತು. ಎತ್ತರ ಮೂರಡಿಯ ಆಸುಪಾಸು. ಸ್ವಭಾವ ಮಾತ್ರ ಚುರುಕು. ಹಗಲೆಲ್ಲ ಗುಡ್ಡೆಯಲ್ಲಿ ಸ್ವತಂತ್ರವಾಗಿ ಮೇಯುವ ಈ ದನಕ್ಕೆ ಅಪರಿಚಿತರ ಕೈಯೆಂದರೆ ಆಗದು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ ಕಾಲುಬಾಯಿ ರೋಗದ ಲಸಿಕೆ ವರ್ಷಕ್ಕೆ ಎರಡು ಬಾರಿ ಹಟ್ಟಿಯ ಬಾಗಿಲಿಗೇ ಬರುತ್ತದೆ. 1962ಕ್ಕೆ ದೂರವಾಣಿ ಮಾಡಿದರೆ ಸಂಚಾರಿ ಪಶುಚಿಕಿತ್ಸಾಲಯವೂ ಬರುತ್ತದೆ. ವೈದ್ಯರು ಬಂದಾಗ ಹಸುವನ್ನು ನಿಲ್ಲಿಸುವ ಜಾಗವಿಲ್ಲದಿದ್ದರೆ ಇವುಗಳ ಪ್ರಯೋಜನ ಅರ್ಧಕ್ಕೇ ನಿಲ್ಲುತ್ತದೆ. 2022ರಲ್ಲಿ ಚರ್ಮಗಂಟು ರೋಗ ರಾಜ್ಯದಲ್ಲಿ ಹರಡಿದಾಗ ಲಸಿಕೆ ತಪ್ಪಿದ ದನಕ್ಕೆ ಎಂಥ ಗಂಡಾಂತರವಿದೆ ಎಂಬುದು ಎಲ್ಲರಿಗೂ ಮನವರಿಕೆಯಾಯಿತು.

ಆದುದರಿಂದ ಮೊದಲು ಬೇಕಾದುದು ವಾಹನವಲ್ಲ, ಓಣಿ. ಹಟ್ಟಿಯ ಒಂದು ಬದಿಯ ಗೋಡೆಗೆ ಸಮಾನಾಂತರವಾಗಿ ಕಂಬ ನೆಟ್ಟು, ಹಸುವಿನ ಹೊಟ್ಟೆಯ ಅಗಲಕ್ಕಿಂತ ನಾಲ್ಕು ಬೆರಳಷ್ಟೇ ಹೆಚ್ಚಿರುವ ದಾರಿಯನ್ನು ಮಾಡಬೇಕು. ಅಗಲ ಹೆಚ್ಚಾದರೆ ಹಸು ಒಳಗೇ ತಿರುಗಿ ಸಿಕ್ಕಿಕೊಳ್ಳುತ್ತದೆ. ಗಿಡ್ಡ ತಳಿಗೂ ಜೆರ್ಸಿ ಮಿಶ್ರತಳಿಗೂ ಒಂದೇ ಅಳತೆ ಸಲ್ಲದು. ತಂತಮ್ಮ ಹಟ್ಟಿಯ ದನವನ್ನು ಅಳೆದೇ ಕಟ್ಟಬೇಕು. ಮುಂದೆ ತೆರೆಯುವ ಗೇಟು, ಹಿಂದೆ ತಡಮೆಯಂತೆ ಸರಿಸುವ ಎರಡು ಅಡ್ಡಗಳು ಇರಲಿ. ಪಕ್ಕದ ಅಡ್ಡಗಳನ್ನು ಹೊರಗಿನಿಂದ ಕಳಚುವಂತಿರಬೇಕು, ಏಕೆಂದರೆ ಒಳಗೆ ಬಿದ್ದ ಹಸುವನ್ನು ಬಿಡಿಸಲು ಬೇರೆ ದಾರಿಯಿಲ್ಲ. ಕೊರಳಿಗೆ ಬಿಗಿಯುವ ಕುಣಿಕೆಯನ್ನು ಎಂದೂ ಹಾಕಬಾರದು. ತುದಿ ಜಗ್ಗಿದೊಡನೆ ಬಿಚ್ಚಿಕೊಳ್ಳುವ ಗಂಟೇ ಇರಲಿ. ಬಲಿತ ಅಡಿಕೆ ಮರದ ಸಲಾಕೆ, ಮನೆಯ ಗುಡ್ಡೆಯ ಕಂಬ, ಕೆಂಪುಕಲ್ಲು ಇವೇ ಸಾಮಗ್ರಿ. ಕೊಂಡು ತರಬೇಕಾದುದು ಬೋಲ್ಟು, ಕೊಂಡಿ, ಹಗ್ಗಗಳು ಮಾತ್ರ. ಸಲಾಕೆ ಮಳೆಗೆ ಕುಂಬಾಗುವುದರಿಂದ ಪ್ರತಿ ಮಳೆಗಾಲದ ಅನಂತರ ಪರೀಕ್ಷಿಸಿ ಬದಲಾಯಿಸುವುದು ಅಗತ್ಯ.

ಅಮೆರಿಕದ ಪಶುವಿಜ್ಞಾನಿ ಟೆಂಪಲ್ ಗ್ರಾಂಡಿನ್ ದನ ಏಕೆ ಹೆಜ್ಜೆ ಮುಂದಿಡದು ಎಂದು ತಿಳಿಯಲು ದನ ಹೋಗುವ ಓಣಿಯಲ್ಲಿ ತಾವೇ ಇಳಿದು ನೋಡಿದವರು. ನೆಲದ ಮೇಲಿನ ನೆರಳಿನ ಗೆರೆ, ತೂಗಾಡುವ ಸರಪಳಿ, ಗೋಡೆಗೆ ನೇತುಹಾಕಿದ ಬಟ್ಟೆ, ಎದುರಿಗೆ ಬಂದು ನಿಂತ ಮನುಷ್ಯ - ಇವೇ ದನವನ್ನು ತಡೆಯುತ್ತವೆ ಎಂಬುದನ್ನು ಅವರು ಗುರುತಿಸಿದರು. ಪಕ್ಕಗಳನ್ನು ಮುಚ್ಚಿದರೆ ದನ ಶಾಂತವಾಗಿ ನಡೆಯುತ್ತದೆ. ಅದಕ್ಕೆ ಇಲ್ಲಿ ತಗಡು ಬೇಕಿಲ್ಲ. ಹೆಣೆದ ತೆಂಗಿನ ಮಡಲು ಸಾಕು. ದಿನವೂ ಆ ಓಣಿಯ ತುದಿಯಲ್ಲೇ ಹಿಂಡಿ ಇಟ್ಟರೆ ಲಸಿಕೆಯ ದಿನವೂ ಹಸು ತಾನಾಗಿಯೇ ಬಂದು ನಿಲ್ಲುತ್ತದೆ. ಬಡಿಗೆಯ ಅಗತ್ಯವೇ ಬೀಳದು.

ಎರಡನೆಯದು ವಾಹನಕ್ಕೆ ಏರಿಸುವ ಜಾಗ. ಬಯಲುಸೀಮೆಯ ರೈತ ಇದಕ್ಕಾಗಿ ಮಣ್ಣು ಹೇರಿ ದಿಬ್ಬ ಕಟ್ಟಬೇಕಾಗುತ್ತದೆ. ಗುಡ್ಡದೂರಿನಲ್ಲಿ ಆ ದಿಬ್ಬವನ್ನು ಭೂಮಿಯೇ ಕೊಟ್ಟಿದೆ. ಅಂಗಳದ ಕೆಳಗಿನ ಧರೆಯ ಬದಿಗೆ ಪಿಕಪ್ಪನ್ನು ಹಿಂದಕ್ಕೆ ತಂದು ನಿಲ್ಲಿಸಿದರೆ ಅಂಗಳವೂ ವಾಹನದ ತಳವೂ ಸಮನಾಗುವ ಒಂದು ಎಡೆ ಹೆಚ್ಚಿನ ಮನೆಗಳಲ್ಲಿ ಸಿಗುತ್ತದೆ. ಅಂಚನ್ನು ಕೆಂಪುಕಲ್ಲಿನಿಂದ ಕಟ್ಟಿ, ಮಳೆನೀರು ಬದಿಗೆ ಹರಿಯುವಂತೆ ಮಾಡಬೇಕು. ಧರೆ ಇಲ್ಲದೆಡೆ ಹಲಗೆಯ ಇಳಿಜಾರು ಬೇಕು: ಎರಡೂವರೆ ಅಡಿ ಎತ್ತರಕ್ಕೆ ಏಳಡಿಗಿಂತ ಕಡಿಮೆ ಉದ್ದ ಬೇಡ; ಕಾಲು ಜಾರದಂತೆ ಗೇಣಿಗೊಂದು ಅಡ್ಡಪಟ್ಟಿ ಇರಲಿ.

ಮೂರನೆಯದು ಗಾಡಿ. ಪವರ್ ಟಿಲ್ಲರಿನ ಟ್ರೇಲರು ಹುಲ್ಲಿಗೂ ಗೊಬ್ಬರಕ್ಕೂ ಒಳ್ಳೆಯದು. ಗೋಡೆ ತಗ್ಗಾದ, ಕುಲುಕಾಟ ಹೆಚ್ಚಾದ ಆ ಪೆಟ್ಟಿಗೆಯಲ್ಲಿ ಹಸುವನ್ನು ರಸ್ತೆಗೆ ತರುವುದು ಅಪಾಯಕರ. 1978ರ ಪ್ರಾಣಿ ಸಾಗಾಟ ನಿಯಮಗಳಂತೆ ಪಶುವೈದ್ಯರ ಪ್ರಮಾಣಪತ್ರವಿರಬೇಕು, ನೆಲಕ್ಕೆ ನಾರಿನ ಚಾಪೆಯಂಥ ಜಾರದ ಹಾಸು ಬೇಕು, ಜೊತೆಗೆ ಒಬ್ಬ ಆಳಿರಬೇಕು, ಬೇರೆ ಸರಕು ಇರಕೂಡದು, ದನದ ಮುಖ ಎಂಜಿನಿನ ಕಡೆಗಿದ್ದರೆ ಉತ್ತಮ. ಕೇಂದ್ರ ಮೋಟಾರು ವಾಹನ ನಿಯಮಗಳ 2015ರ ತಿದ್ದುಪಡಿ ಸ್ಥಿರವಾದ ವಿಭಜನೆಯನ್ನೂ ಪ್ರತಿ ದನಕ್ಕೆ ಎರಡು ಚದರ ಮೀಟರ್ ಜಾಗವನ್ನೂ ವಿಧಿಸಿದೆ. ಎಂಟೂವರೆ ಅಡಿ ಉದ್ದ, ಐದೂವರೆ ಅಡಿ ಅಗಲದ ಪಿಕಪ್ಪಿನ ತಳ ಸುಮಾರು 4.3 ಚದರ ಮೀಟರ್. ಅಂದರೆ ಎರಡೇ ಹಸು. ರಾಜ್ಯದ 2020ರ ಜಾನುವಾರು ಕಾಯ್ದೆಯೂ ಸಾಗಾಟವನ್ನು ನಿಯಂತ್ರಿಸುವುದರಿಂದ ಹಸುವನ್ನು ಏರಿಸುವ ಮುನ್ನವೇ ಪಶುವೈದ್ಯಾಧಿಕಾರಿಗಳಲ್ಲಿ ವಿಚಾರಿಸಿ ಕಾಗದಪತ್ರ ಪಡೆಯುವುದು ಕ್ಷೇಮ. ಮೂರು ಹಸು ಸಾಕುವ ಮನೆ ಇಂಥ ವಾಹನವನ್ನು ಕೊಳ್ಳಲಾರದು, ಕೊಳ್ಳಬೇಕಾಗಿಯೂ ಇಲ್ಲ. ಹಾಲು ಉತ್ಪಾದಕರ ಸಂಘದ ವ್ಯಾಪ್ತಿಗೊಂದು ಗಾಡಿಯನ್ನು ನಿಯಮಬದ್ಧವಾಗಿ ಸಜ್ಜುಗೊಳಿಸಿ, ಬಾಡಿಗೆಯನ್ನು ಹಂಚಿಕೊಳ್ಳುವುದೇ ಇದಕ್ಕೆ ದಾರಿ.

ಇದು ಆಗದ ಮಾತಲ್ಲ. 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ನಡೆದಾಗ ಕರಾವಳಿಯ ಕೋಣಗಳು ಘಾಟಿ ಹತ್ತಿ, ಹಾಸನದಲ್ಲಿ ಇಳಿದು ದಣಿವಾರಿಸಿಕೊಂಡು, ಮುಂದೆ ಸಾಗಿದವು. ಕೋಣಕ್ಕೆ ಮಾಡಲು ತಿಳಿದ ಉಪಚಾರವನ್ನು ಹಾಲು ಕೊಡುವ ಹಸುವಿಗೂ ಮಾಡಬಹುದು.

ವಿದ್ಯಾರ್ಥಿಗಳು ಮುಂದಿನ ರಜೆಯಲ್ಲಿ ಒಂದು ಕೆಲಸ ಮಾಡಲಿ. ತಮ್ಮ ಮನೆಯ ಅಥವಾ ನೆರೆಮನೆಯ ಹಟ್ಟಿಯಿಂದ ರಸ್ತೆಯವರೆಗೆ ಮೂರಡಿ ಎತ್ತರಕ್ಕೆ ಬಾಗಿ ನಡೆಯಲಿ. ಎಲ್ಲಿ ಕಾಲು ಜಾರುತ್ತದೆ, ಎಲ್ಲಿ ಕಣ್ಣಿಗೆ ಬಿಸಿಲು ಹೊಡೆಯುತ್ತದೆ, ಎಲ್ಲಿ ಮೊಳೆ ಚಾಚಿದೆ ಎಂಬುದನ್ನು ಬರೆದುಕೊಂಡು ಹಿರಿಯರ ಮುಂದಿಡಲಿ. ಓಣಿ ಎಲ್ಲಿ ಬರಬೇಕೆಂಬುದನ್ನು ಆ ಪಟ್ಟಿಯೇ ಹೇಳುತ್ತದೆ.