ಎಚ್ಚರಿಕೆ ದೀಪದ ಭಾಷೆ



ಅಮೆರಿಕದ 1990ರ ಸುಮಾರಿನ ಷೆವರ್ಲೆ ಪಿಕಪ್ ಟ್ರಕ್ಕಿಗೆ ಬೇರೆ ಗೇರ್‌ಬಾಕ್ಸ್ ಜೋಡಿಸಿದ ಮೇಲೆ ಕೆಲವೊಮ್ಮೆ 'ಚೆಕ್ ಎಂಜಿನ್' ದೀಪ ಹತ್ತಿಕೊಳ್ಳುತ್ತದೆ. ಎಂಜಿನ್ ಮಾತ್ರ ಚೆನ್ನಾಗಿಯೇ ಓಡುತ್ತಿರುತ್ತದೆ. ಹಾಗಾದರೆ ದೀಪವೇಕೆ?

ಡ್ಯಾಶ್‌ಬೋರ್ಡಿನ ಕೆಳಗಿನ ಕನೆಕ್ಟರಿನಲ್ಲಿ ಎ, ಬಿ ತುದಿಗಳನ್ನು ತಂತಿಯಿಂದ ಸೇರಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಕೀಲಿಯನ್ನಷ್ಟೇ ತಿರುಗಿಸಿದರೆ ದೀಪ ಮಿನುಗಿ ಉತ್ತರ ಕೊಡುತ್ತದೆ. ಮೊದಲು 12, ಅಂದರೆ ಪರೀಕ್ಷಾ ವ್ಯವಸ್ಥೆ ಕೆಲಸ ಮಾಡುತ್ತಿದೆ. ಆಮೇಲೆ ಎರಡು ಮಿನುಗು, ಬಿಡುವು, ನಾಲ್ಕು ಮಿನುಗು ಬಂದರೆ ಅದು 24: ವೇಗದ ಸೆನ್ಸರಿನಿಂದ ಸಂಕೇತ ಬರುತ್ತಿಲ್ಲ. ಹೊಸ ಗೇರ್‌ಬಾಕ್ಸಿನಲ್ಲಿ ಆ ಸೆನ್ಸರೇ ಇಲ್ಲದಿರಬಹುದು. ತಂತಿ ಜೋಡಿಸದೆ ಬಿಟ್ಟಿರಲೂಬಹುದು.

ಕೋಡ್ ಹೇಳುವುದು ಯಾವ ಭಾಗ ಕೆಟ್ಟಿದೆ ಎಂದಲ್ಲ, ಎಲ್ಲಿ ಹುಡುಕಬೇಕು ಎಂದು. ಬೇಸರದಿಂದ ಬಲ್ಬನ್ನೇ ಕಿತ್ತರೆ, ನಾಳೆ ಬರುವ ನಿಜವಾದ ದೋಷವೂ ಕಣ್ಣಿಗೆ ಬೀಳದು.