ಒಡೆತನ ಮನೆಯವರದು, ಕಾಡು ಕಾಡಾಗಿಯೇ

(ಊರವರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಕಾಡು ಉಳಿಸುವ ಮಾತು ಬಂದಾಗ ನಮಗೆ ಎರಡೇ ದಾರಿಗಳು ತೋಚುತ್ತವೆ. ಸರ್ಕಾರ ಅದನ್ನು ವಶಪಡಿಸಿಕೊಳ್ಳಬೇಕು, ಇಲ್ಲವೇ ಎಲ್ಲವನ್ನೂ ಒಡೆಯನ ಇಚ್ಛೆಗೆ ಬಿಡಬೇಕು. ಅಮೆರಿಕದಲ್ಲಿ ಮೂರನೆಯದೊಂದು ದಾರಿ ಬಳಕೆಯಲ್ಲಿದೆ. ಅದರ ಹೆಸರು ಕನ್ಸರ್ವೇಶನ್ ಈಸ್‌ಮೆಂಟ್. ನಾವು ಅದನ್ನು ಸಂರಕ್ಷಣಾ ಕರಾರು ಎನ್ನೋಣ.

ಆ ದೇಶದ ಅರ್ಧಕ್ಕಿಂತ ಹೆಚ್ಚು ಕಾಡು ಖಾಸಗಿಯವರದು. ಮರ ಕಡಿದು ಮಾರುವ, ದನ ಮೇಯಿಸುವ ಕುಟುಂಬಗಳು ತಲೆಮಾರುಗಳಿಂದ ಅಂಥ ನೆಲವನ್ನು ನೋಡಿಕೊಂಡಿವೆ. ಆದರೆ ಪೇಟೆಯವರು ಮನೆ ಕಟ್ಟಲು ಬಂದೊಡನೆ ನೆಲದ ಬೆಲೆ ಏರುತ್ತದೆ. ಹಿರಿಯರು ತೀರಿಕೊಂಡಾಗ ಮಕ್ಕಳಲ್ಲಿ ಪಾಲಾಗಬೇಕು. ಆಸ್ತಿ ದೊಡ್ಡದಾದರೆ ಅದರ ಬೆಲೆಯ ಮೇಲೆ ತೆರಿಗೆಯನ್ನೂ ಕಟ್ಟಬೇಕು. ಕೊನೆಗೆ ಕಾಡು ನಿವೇಶನಗಳಾಗಿ ತುಂಡಾಗುತ್ತದೆ.

ಒಡೆತನವೆಂಬುದು ಒಂದೇ ಹಕ್ಕಲ್ಲ, ಹಲವು ಹಕ್ಕುಗಳ ಕಟ್ಟು. ನಮ್ಮ ತೋಟದ ನಡುವೆ ನೆರೆಯವನಿಗೆ ದಾರಿಯ ಹಕ್ಕು ಇರುವುದಿಲ್ಲವೇ? ತೋಟ ನಮ್ಮದೇ, ಆದರೆ ಆ ದಾರಿಯನ್ನು ಮುಚ್ಚುವಂತಿಲ್ಲ. ಸಂರಕ್ಷಣಾ ಕರಾರಿನ ಮೂಲವೂ ಇದೇ. ಕುಟುಂಬವು ಕಟ್ಟಡ ಕಟ್ಟುವ ಹಾಗೂ ನೆಲವನ್ನು ತುಂಡರಿಸುವ ಹಕ್ಕನ್ನು ಮಾತ್ರ ಒಂದು ಭೂ ಟ್ರಸ್ಟಿಗೆ ಮಾರುತ್ತದೆ ಅಥವಾ ದಾನ ಕೊಡುತ್ತದೆ. ಟ್ರಸ್ಟು ಆ ಹಕ್ಕನ್ನು ಬಳಸುವುದಿಲ್ಲ; ಬೇರಾರೂ ಬಳಸದಂತೆ ಕಾಯುತ್ತದೆ. ಕರಾರು ನೋಂದಣಿಯಾಗಿ, ಮುಂದೆ ಕೊಳ್ಳುವವರನ್ನೂ ವಾರಸುದಾರರನ್ನೂ ಬಂಧಿಸುತ್ತದೆ. ನೆಲದ ಬೆಲೆ ಎಷ್ಟು ಇಳಿಯಿತೋ ಅದಕ್ಕೆ ಪ್ರತಿಯಾಗಿ ಹಣ ಅಥವಾ ತೆರಿಗೆ ರಿಯಾಯಿತಿ ದೊರೆಯುತ್ತದೆ.

ಎರಡು ನಿದರ್ಶನಗಳನ್ನು ಹೇಳುತ್ತೇನೆ. ಪಿಂಗ್ರೀ ಕುಟುಂಬವು 2001ರಲ್ಲಿ ಮೇನ್ ರಾಜ್ಯದ 7,62,192 ಎಕರೆ ಕಾಡಿನ ಮೇಲೆ ಇಂಥ ಕರಾರು ಮಾಡಿಕೊಂಡಿತು. ನ್ಯೂ ಇಂಗ್ಲೆಂಡ್ ಫಾರೆಸ್ಟ್ರಿ ಫೌಂಡೇಶನ್ ಸುಮಾರು 2.8 ಕೋಟಿ ಡಾಲರ್ ಕೂಡಿಸಿ ಕೊಟ್ಟಿತು. ಎಕರೆಗೆ ಸುಮಾರು 37 ಡಾಲರ್ ಮಾತ್ರ! ಕಾಡು ಕುಟುಂಬದ್ದಾಗಿಯೇ ಉಳಿಯಿತು, ಮರದ ಕೆಲಸವೂ ನಿಲ್ಲಲಿಲ್ಲ.

ಇನ್ನೊಂದು, ಅರಿಝೋನಾ ಮತ್ತು ನ್ಯೂ ಮೆಕ್ಸಿಕೋ ಗಡಿಯ ಒಣ ಹುಲ್ಲುಗಾವಲಿನದು. ಅಲ್ಲಿಯ ದನಗಾರರು 1994ರಲ್ಲಿ ಮಾಲ್ಪಾಯ್ ಬಾರ್ಡರ್‌ಲ್ಯಾಂಡ್ಸ್ ಗ್ರೂಪ್ ಕಟ್ಟಿಕೊಂಡರು. ಬರ ಬಂದಾಗ ದನಗಾರನು ತನ್ನ ಮಂದೆಯನ್ನು ಗ್ರೇ ರಾಂಚ್ ಎಂಬ ವಿಶಾಲ ಹುಲ್ಲುಗಾವಲಿಗೆ ಕಳುಹಿಸಬಹುದಾಗಿತ್ತು. ಆ ಮೇವಿನ ಬೆಲೆಗೆ ಸಮನಾಗಿ, ತನ್ನ ನೆಲವನ್ನು ತುಂಡರಿಸುವುದಿಲ್ಲವೆಂದು ಕರಾರು ಬರೆದುಕೊಡುತ್ತಿದ್ದನು. ಅಲ್ಲಿ ಹುಲ್ಲೇ ಹಣವಾಯಿತು.

ಇದರಲ್ಲಿ ದೋಷಗಳಿಲ್ಲವೆಂದಲ್ಲ. ಇಂದು ಹಾಕಿದ ರುಜು ಹುಟ್ಟದ ಮೊಮ್ಮಕ್ಕಳನ್ನೂ ಕಟ್ಟಿಹಾಕುತ್ತದೆ. ನೆಲದ ಬೆಲೆಯನ್ನು ಹಲವು ಪಟ್ಟು ಉಬ್ಬಿಸಿ ತೋರಿಸಿ, ತೆರಿಗೆ ತಪ್ಪಿಸಿದ ಹೂಡಿಕೆದಾರರ ಕೂಟಗಳೂ ಇದ್ದವು. ಅದಕ್ಕೆ ಕಡಿವಾಣ ಹಾಕಲು 2022ರಲ್ಲಿ ಅಲ್ಲಿಯ ಸಂಸತ್ತು ಕಾನೂನು ತರಬೇಕಾಯಿತು.

ನಮ್ಮಲ್ಲಿ ಇದನ್ನು ಹಾಗೆಯೇ ತರಲಾಗದು. ನಮ್ಮ 1882ರ ಈಸ್‌ಮೆಂಟ್ ಕಾಯಿದೆಯು ಒಂದು ಜಮೀನಿನ ಅನುಕೂಲಕ್ಕಾಗಿ ಇನ್ನೊಂದು ಜಮೀನಿನ ಮೇಲಿರುವ ಹಕ್ಕನ್ನಷ್ಟೇ ಒಪ್ಪುತ್ತದೆ; ಸ್ವಂತ ನೆಲವಿಲ್ಲದ ಟ್ರಸ್ಟಿಗೆ ಅದರಲ್ಲಿ ಜಾಗವಿಲ್ಲ. ಆದರೆ ಹಕ್ಕುಗಳನ್ನು ಬಿಡಿಸಿ ನೋಡುವ ಬುದ್ಧಿ ನಮಗೆ ಹೊಸದಲ್ಲ. ಸೊಪ್ಪಿನ ಬೆಟ್ಟದಲ್ಲಿ ನೆಲ ಸರ್ಕಾರದ್ದು, ಸೊಪ್ಪು ತೋಟದವರದು. ಅಮೆರಿಕದ ಕರಾರಿನಲ್ಲಿ ನೆಲ ಮನೆಯವರದು, ಅದನ್ನು ಹಾಳುಗೆಡಹುವ ಹಕ್ಕು ಮಾತ್ರ ಯಾರದೂ ಅಲ್ಲ.

ನಮ್ಮ ಮನೆಗಳಲ್ಲೂ ಪಾಲುಪಟ್ಟಿಯಾಗುತ್ತಿದೆ, ರೆಸಾರ್ಟಿನವರು ಬೆಲೆ ಕೇಳುತ್ತಿದ್ದಾರೆ. ಪಾಲು ಬರೆಯಲು ಕುಳಿತಾಗ ಯಾರಿಗೆ ಎಷ್ಟು ಎಕರೆ ಎಂದು ಕೇಳುವ ಮೊದಲು, ಯಾವ ಹಕ್ಕನ್ನು ನಾವೆಲ್ಲರೂ ಒಟ್ಟಾಗಿ ಬಿಟ್ಟುಕೊಡಲು ಸಿದ್ಧರಿದ್ದೇವೆ ಎಂದು ಕೇಳಿಕೊಳ್ಳೋಣ.